ಕರಪತ್ರ ಮತ್ತು ಹೋರಾಟದ ಹಾಡು: ಇವನ್ನು ಯಾವ ವಿಭಾಗದಲ್ಲಿ ಓದಬೇಕು?

ಭದ್ರಾದಂಡೆ

ಎಲ್ಲರಿಗೂ ನಮಸ್ಕಾರ. ಇತಿಹಾಸ ಮತ್ತು ಕನ್ನಡ ಓದಿ ಈ ವರ್ಷ ಬಿ.ಎ. ಮುಗಿಸಿದ್ದೇನೆ. ನಮ್ಮ ಊರು ಭದ್ರಾವತಿ ತಾಲ್ಲೂಕಿನಲ್ಲಿದೆ. ದೊಡ್ಡಪ್ಪ ಕಬ್ಬಿಣದ ಕಾರ್ಖಾನೆಯಲ್ಲಿ ಕಾರ್ಮಿಕರಾಗಿದ್ದರು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಊರಿನಲ್ಲಿ ನಡೆದ ಸಭೆ, ಜಾಥಾ, ಮೆರವಣಿಗೆ ಯಾವುದನ್ನೂ ತಪ್ಪಿಸಿಕೊಂಡವರಲ್ಲ. ಆಗ ಕೈಗೆ ಬಂದ ಕರಪತ್ರಗಳನ್ನೆಲ್ಲ ಕಟ್ಟು ಕಟ್ಟಿ ಇಟ್ಟುಕೊಂಡಿದ್ದರು. ದಲಿತ ಸಂಘರ್ಷ ಸಮಿತಿ, ರೈತ ಸಂಘ, ಕಾರ್ಮಿಕ ಸಂಘಗಳು, ‘ಸಮುದಾಯ’ ರಂಗತಂಡದ ಬೀದಿ ನಾಟಕ, ಗೋಕಾಕ್ ಚಳವಳಿ ಎಲ್ಲವೂ ಅದರಲ್ಲಿವೆ. ಜೊತೆಗೆ ಕೈಬರಹದ ಹಾಡಿನ ಪುಸ್ತಕಗಳೂ ಇವೆ. ಪ್ರತಿ ಹಾಡಿನ ತಲೆಯ ಮೇಲೆ ‘ಧಾಟಿ’ ಎಂದು ಬರೆದು ಯಾವುದೋ ಸಿನಿಮಾ ಹಾಡಿನದೋ ತತ್ವಪದದ್ದೋ ಮೊದಲ ಸಾಲು ಕೊಟ್ಟಿದ್ದಾರೆ.

ಎಂ.ಎ. ಮಾಡಿ, ಮುಂದಿನ ಸಂಶೋಧನೆಯನ್ನೂ ಇದರ ಮೇಲೆಯೇ ಮಾಡಬೇಕೆಂಬುದು ನನ್ನ ಆಸೆ. ಒಂದು ವಿಶ್ವವಿದ್ಯಾಲಯಕ್ಕೆ ಹೋಗಿ ಮೂರು ವಿಭಾಗಗಳಲ್ಲಿ ವಿಚಾರಿಸಿದೆ. ಇತಿಹಾಸದವರು, ಇದು ತೀರಾ ಇತ್ತೀಚಿನದು, ರಾಜ್ಯಶಾಸ್ತ್ರಕ್ಕೆ ಹೋಗಿ ಎಂದರು. ಕನ್ನಡದವರು, ಕರಪತ್ರ ಸಾಹಿತ್ಯವಲ್ಲ, ಬಂಡಾಯ ಕಾವ್ಯ ತೆಗೆದುಕೊಳ್ಳಿ ಎಂದರು. ಪತ್ರಿಕೋದ್ಯಮದವರಿಗೆ ಇದು ಹಳೆಯದಾಗಿ ಕಂಡಿತು. ಸಂಸ್ಕೃತಿ ಅಧ್ಯಯನ ಎಂಬ, ಹಲವು ಶಾಸ್ತ್ರಗಳನ್ನು ಕೂಡಿಸಿ ಓದುವ ಅಂತರ್‌ಶಿಸ್ತೀಯ ಕೋರ್ಸುಗಳಿವೆ ಎಂದು ಕೇಳಿದ್ದೇನೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಮುಂದೆ ಕೆಲಸ ಸಿಗುತ್ತದೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಹಳೇಕಡತ

ನಾನು ಇತಿಹಾಸ ಮೇಷ್ಟ್ರಾಗಿದ್ದವನು, ಈಗ ನಿವೃತ್ತ. ಇದು ಇತ್ತೀಚಿನದು ಎಂದು ನಿಮ್ಮನ್ನು ಹಿಂದಕ್ಕೆ ಕಳುಹಿಸಿದ್ದು ನನಗೆ ಬೇಸರ ತಂದಿದೆ. ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದು ಸಚಿವ ಬಿ. ಬಸವಲಿಂಗಪ್ಪ ಹೇಳಿದ್ದಕ್ಕೆ ಎದ್ದ 1973ರ ಬೂಸಾ ಪ್ರಕರಣಕ್ಕೆ ಅರ್ಧ ಶತಮಾನ ಕಳೆಯಿತು. ಭೂಸುಧಾರಣಾ ಕಾಯ್ದೆಯ ದೊಡ್ಡ ತಿದ್ದುಪಡಿ ಜಾರಿಗೆ ಬಂದದ್ದು 1974ರಲ್ಲಿ, ಹಿಂದುಳಿದ ವರ್ಗಗಳ ಬಗೆಗಿನ ಹಾವನೂರು ಆಯೋಗದ ವರದಿ ಬಂದದ್ದು 1975ರಲ್ಲಿ, ನರಗುಂದ–ನವಲಗುಂದದಲ್ಲಿ ರೈತರ ಮೇಲೆ ಪೊಲೀಸರ ಗುಂಡು ಹಾರಿದ್ದು 1980ರಲ್ಲಿ. ಇವು ಇತಿಹಾಸವಲ್ಲದಿದ್ದರೆ ಮತ್ಯಾವುದು ಇತಿಹಾಸ? ಹಲವು ಕಡೆ ಆಧುನಿಕ ಕರ್ನಾಟಕದ ಪಠ್ಯ 1956ರ ಏಕೀಕರಣಕ್ಕೆ ಬಂದು ನಿಂತುಬಿಡುತ್ತದೆ. ಆಮೇಲೆ ಈ ನಾಡಿನಲ್ಲಿ ಏನೂ ನಡೆಯಲಿಲ್ಲವೆಂಬಂತೆ ಮಕ್ಕಳು ಪದವಿ ಪಡೆದು ಹೊರಗೆ ಬರುತ್ತಾರೆ.

ಹಾಗಿದ್ದರೂ ನನ್ನ ಸಲಹೆ ಇತಿಹಾಸ ಎಂ.ಎ.ಯೇ. ಕಾರಣ ಹೇಳುತ್ತೇನೆ. ಕರಪತ್ರದಲ್ಲಿ ತಾರೀಖು, ವಾರ ಇರುತ್ತದೆ, ಇಸವಿ ಮಾತ್ರ ಇರುವುದಿಲ್ಲ. ನಾಳಿದ್ದಿನ ಸಭೆಗೆ ಕರೆಯುವವರಿಗೆ ಇಸವಿಯ ಅಗತ್ಯವೇನು? ಈಗ ನಿಮ್ಮ ಕಟ್ಟಿನಲ್ಲಿ ‘ಜುಲೈ 21, ಸೋಮವಾರ, ರೈತರ ಸಭೆ’ ಎಂಬ ಹಾಳೆ ಸಿಕ್ಕಿತು ಎಂದಿಟ್ಟುಕೊಳ್ಳಿ. ಆ ಕಾಲದಲ್ಲಿ ಜುಲೈ 21 ಸೋಮವಾರ ಬಿದ್ದದ್ದು 1975, 1980 ಮತ್ತು 1986ರಲ್ಲಿ. 1975ರ ಜೂನ್ 25ಕ್ಕೇ ತುರ್ತು ಪರಿಸ್ಥಿತಿ ಹೇರಲಾಗಿತ್ತು, ಆ ಜುಲೈನಲ್ಲಿ ಹೆಸರು ಹಾಕಿ ಬಹಿರಂಗ ಪ್ರತಿಭಟನೆಗೆ ಕರೆಯುವುದು ಸುಲಭವಿರಲಿಲ್ಲ. 1980ರ ಜುಲೈ 21 ಗೋಲಿಬಾರ್ ನಡೆದ ದಿನವೇ. ಹಾಳೆಯಲ್ಲಿ ‘ಹುತಾತ್ಮ ರೈತರು’ ಎಂಬ ಮಾತಿದ್ದರೆ ಅದು ಆ ದಿನಕ್ಕಿಂತ ಮುಂಚೆ ಅಚ್ಚಾಗಿರಲು ಸಾಧ್ಯವಿಲ್ಲ, 1986ರ ಸ್ಮರಣೆಯ ಸಭೆಯದಿರಬೇಕು. ಆ ವಾರದ ಪತ್ರಿಕೆಗಳನ್ನು ತೆಗೆದು ನೋಡಿದರೆ ಖಚಿತವಾಗುತ್ತದೆ.

ಆಕರವನ್ನು ಹೀಗೆ ಎದುರು ಕೂರಿಸಿಕೊಂಡು ಪ್ರಶ್ನೆ ಕೇಳುವ ಅಭ್ಯಾಸ ಇತಿಹಾಸದಲ್ಲಿ ಆಗುತ್ತದೆ. ಅದೊಂದು ಕೈವಶವಾದರೆ ಉಳಿದ ಶಾಸ್ತ್ರಗಳ ಕಡೆಗೆ ಧೈರ್ಯವಾಗಿ ಹೋಗಬಹುದು.

ಮೂಸಿತೀರ

ಹೈದರಾಬಾದಿನಲ್ಲಿ ಸಂಸ್ಕೃತಿ ಅಧ್ಯಯನದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ಅಲ್ಲಿ ಏನು ಕಲಿಸುತ್ತಾರೆ ಎಂಬ ಪ್ರಶ್ನೆಗೆ ಉತ್ತರಿಸಲು ಅದು ಹುಟ್ಟಿದ ಬಗೆಯನ್ನು ಸ್ವಲ್ಪ ಹೇಳಬೇಕು.

1964ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಹೊಗಾರ್ಟ್ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರವನ್ನು ಸ್ಥಾಪಿಸಿದರು. ಅದು ಸ್ನಾತಕೋತ್ತರ ಸಂಶೋಧನೆಗೆಂದೇ ಇದ್ದ ಸಣ್ಣ ಕೇಂದ್ರ. ಹೊಗಾರ್ಟ್, ರೇಮಂಡ್ ವಿಲಿಯಮ್ಸ್, ಇ.ಪಿ. ಥಾಮ್ಸನ್ ಈ ಮೂವರೂ ಅದಕ್ಕೆ ಮೊದಲು ದುಡಿಯುವ ವಯಸ್ಕರಿಗೆ ಪಾಠ ಹೇಳುತ್ತಿದ್ದವರು. ಹಗಲು ಕೆಲಸ ಮಾಡಿ ಸಂಜೆ ತರಗತಿಗೆ ಬಂದವರಿಗೆ ಪಾಠ ಹೇಳುವಾಗ ಸಾಹಿತ್ಯ ಬೇರೆ, ಇತಿಹಾಸ ಬೇರೆ, ಸಮಾಜಶಾಸ್ತ್ರ ಬೇರೆ ಎಂಬ ವಿಂಗಡಣೆ ನಿಲ್ಲಲಿಲ್ಲ. ಹೊಗಾರ್ಟ್ ಅವರ ನಂತರ ಜಮೈಕಾದಿಂದ ಬಂದಿದ್ದ ಸ್ಟುವರ್ಟ್ ಹಾಲ್ 1979ರವರೆಗೆ ಕೇಂದ್ರವನ್ನು ನಡೆಸಿದರು. ವಿದ್ಯಾರ್ಥಿಗಳು ಗುಂಪುಗಳಾಗಿ ಓದುತ್ತಿದ್ದರು, ಗುಂಪಾಗಿಯೇ ಬರೆಯುತ್ತಿದ್ದರು. ಪತ್ರಿಕೆಗಳು, ದೂರದರ್ಶನ, ಯುವಕರ ವೇಷಭೂಷಣ, ಪೊಲೀಸರು, ವರ್ಣಭೇದ ಎಲ್ಲವೂ ಅವರ ವಿಷಯಗಳಾಗಿದ್ದವು. ಇಷ್ಟು ಹೆಸರು ಮಾಡಿದ ಜಾಗವನ್ನು ಆ ವಿಶ್ವವಿದ್ಯಾಲಯ 2002ರಲ್ಲಿ ಮುಚ್ಚಿಬಿಟ್ಟಿತು. ಅಂತರ್‌ಶಿಸ್ತೀಯ ವಿಭಾಗಗಳ ಬದುಕು ಎಷ್ಟು ನಾಜೂಕು ಎಂಬುದು ಇದರಿಂದ ಗೊತ್ತಾಗುತ್ತದೆ.

ನಮ್ಮಲ್ಲಿ ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಸಂಸ್ಕೃತಿ ಮತ್ತು ಸಮಾಜ ಅಧ್ಯಯನ ಕೇಂದ್ರ ಶುರುವಾಯಿತು. ತೇಜಸ್ವಿನಿ ನಿರಂಜನ, ವಿವೇಕ ಧಾರೇಶ್ವರ ಮುಂತಾದವರು ಕಟ್ಟಿದ್ದು. ಈಗ ಅಲ್ಲಿ ಪಾಠ ನಡೆಯುತ್ತಿಲ್ಲ, ಆದರೆ ಅಲ್ಲಿ ಓದಿದವರು ದೇಶದ ಹಲವು ಕಡೆ ಕಲಿಸುತ್ತಿದ್ದಾರೆ. ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶಿ ಭಾಷೆಗಳ ವಿಶ್ವವಿದ್ಯಾಲಯದಲ್ಲಿ ಸಂಸ್ಕೃತಿ ಅಧ್ಯಯನದ ವಿಭಾಗವೇ ಇದೆ.

ಹಳೇಕಡತ ಸರ್ ಹೇಳಿದ ಕಾಲನಿರ್ಣಯ ಬೇಕೇ ಬೇಕು. ಆದರೆ ಕಾಲ ಗೊತ್ತಾದ ಮೇಲೆ ಆ ಹಾಳೆಗೆ ಕೇಳುವುದು ಇನ್ನೂ ಬಹಳ ಉಳಿದಿರುತ್ತದೆ. ಅದು ಓದುಗರನ್ನು ಹೇಗೆ ಕರೆಯುತ್ತದೆ? ‘ಮಹಾಜನಗಳೇ’ ಎಂದೋ ‘ರೈತ ಬಾಂಧವರೇ’ ಎಂದೋ ‘ಸಂಗಾತಿಗಳೇ’ ಎಂದೋ? ಭಾಷಣಕಾರರ ಪಟ್ಟಿಯಲ್ಲಿ ಯಾರ ಹೆಸರಿನ ಹಿಂದೆ ‘ಶ್ರೀ’ ಇದೆ, ಯಾರ ಹಿಂದೆ ‘ಕಾಂ.’ (ಕಾಮ್ರೇಡ್) ಇದೆ? ಹೆಸರಿನ ಜೊತೆ ವಕೀಲರು, ಉಪನ್ಯಾಸಕರು ಎಂದು ಉದ್ಯೋಗ ಹಾಕಿದ್ದು ಯಾರಿಗೆ, ಬರಿಯ ಊರಿನ ಹೆಸರು ಹಾಕಿದ್ದು ಯಾರಿಗೆ? ಹೆಂಗಸರ ಹೆಸರು ಎಷ್ಟನೆಯ ಸಾಲಿನಲ್ಲಿ ಬರುತ್ತದೆ, ಬರುತ್ತದೆಯೇ? ಹಾಗೆ ಕರೆದಾಗ ಅದುವರೆಗೆ ಜಾತಿಯಾಗಿ, ಊರಾಗಿ ಬದುಕಿದ್ದವರು ಇನ್ನೊಂದು ಬಗೆಯ ‘ನಾವು’ ಆಗುತ್ತಾರೆ. ಅದು ಹೇಗಾಯಿತು ಎಂದು ಕೇಳುವುದನ್ನು ನನಗೆ ನನ್ನ ವಿಭಾಗ ಕಲಿಸಿತು.

ಮಲೆಸೀಮೆ

ಓದುವ ಸಂತೋಷದ ಮಾತು ಸರಿ. ನಾನು ಹೊಟ್ಟೆಪಾಡಿನ ಮಾತು ಹೇಳುತ್ತೇನೆ, ಏಕೆಂದರೆ ಹಳ್ಳಿಯಿಂದ ಬಂದ ಹುಡುಗರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ.

ಕಾಲೇಜು ಉಪನ್ಯಾಸಕರ ಅರ್ಹತೆಗಾಗಿ ಇರುವ ಯುಜಿಸಿಯ ನೆಟ್ ಪರೀಕ್ಷೆಯ ವಿಷಯಗಳ ಪಟ್ಟಿಯಲ್ಲಿ ಇತಿಹಾಸ, ಕನ್ನಡ, ಜಾನಪದ ಸಾಹಿತ್ಯ, ಮಹಿಳಾ ಅಧ್ಯಯನ, ತೌಲನಿಕ ಸಾಹಿತ್ಯ, ಸಮೂಹ ಸಂವಹನ ಎಲ್ಲ ಇವೆ. ಸಂಸ್ಕೃತಿ ಅಧ್ಯಯನಕ್ಕೆ ಪ್ರತ್ಯೇಕ ಜಾಗವಿಲ್ಲ. ಇಂಗ್ಲಿಷ್ ಪಠ್ಯಕ್ರಮದೊಳಗೆ ಅದು ಒಂದು ಘಟಕ. ಪದವಿ ಕಾಲೇಜಿನ ಹುದ್ದೆಗೆ ಅರ್ಜಿ ಹಾಕುವಾಗ ನಿಮ್ಮ ಎಂ.ಎ. ‘ಸಂಬಂಧಿತ ವಿಷಯ’ದ್ದೇ ಎಂಬ ಪ್ರಶ್ನೆ ಬರುತ್ತದೆ. ನಾನು ಅತಿಥಿ ಉಪನ್ಯಾಸಕಿ. ನನ್ನ ಗೆಳತಿಯೊಬ್ಬಳು ಹೊರ ರಾಜ್ಯದಲ್ಲಿ ಅಂತರ್‌ಶಿಸ್ತೀಯ ಎಂ.ಎ. ಮಾಡಿ ಬಂದಳು. ಓದಿನಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದವಳು. ಇತಿಹಾಸ ಹುದ್ದೆಗೆ ಹೋದರೆ ಇದು ಇತಿಹಾಸವಲ್ಲ ಎಂದರು, ಸಮಾಜಶಾಸ್ತ್ರಕ್ಕೆ ಹೋದರೆ ಅದೂ ಅಲ್ಲ ಎಂದರು. ತತ್ಸಮಾನ ಪ್ರಮಾಣಪತ್ರಕ್ಕಾಗಿ ಕಚೇರಿ ಅಲೆದು ಅಲೆದು ಕೊನೆಗೆ ಬೇರೆ ಉದ್ಯೋಗ ಹಿಡಿದಳು. ಒಳ್ಳೆಯ ಮೇಷ್ಟ್ರೊಬ್ಬರನ್ನು ಮಕ್ಕಳು ಕಳೆದುಕೊಂಡರು. ಇದನ್ನು ನೆನೆದಾಗ ಈಗಲೂ ಹೊಟ್ಟೆ ಉರಿಯುತ್ತದೆ.

ನೆಟ್ ಮೂಲಕ ಸಿಗುವ ಸಂಶೋಧನಾ ವೇತನ ಜೆ.ಆರ್.ಎಫ್. ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ ಬರುತ್ತದೆ. ಮನೆಯ ಕಡೆ ಕೈಚಾಚದೆ ಸಂಶೋಧನೆ ಮಾಡಲು ಅದೇ ದಾರಿ. 2024ರಿಂದ ನೆಟ್ ಅಂಕಗಳನ್ನೇ ಪಿಎಚ್.ಡಿ. ಪ್ರವೇಶಕ್ಕೂ ಪರಿಗಣಿಸುತ್ತಿದ್ದಾರೆ. ಹಿಂದೆ ಎಂ.ಎ. ಆದ ಮೇಲೆ ಎಂ.ಫಿಲ್. ಮಾಡಿ, ಒಂದು ಸಣ್ಣ ಪ್ರಬಂಧ ಬರೆದು ಕೈ ಪಳಗಿಸಿಕೊಳ್ಳಲು ಅವಕಾಶವಿತ್ತು. 2022ರ ನಿಯಮಾವಳಿಯಲ್ಲಿ ಎಂ.ಫಿಲ್. ಅನ್ನೇ ತೆಗೆದುಹಾಕಿದರು. ಹೀಗಾಗಿ ಎಂ.ಎ. ಆಯ್ಕೆಯ ತೂಕ ಈಗ ಹೆಚ್ಚಿದೆ. ನೆಟ್ ಪಟ್ಟಿಯಲ್ಲಿರುವ ಒಂದು ವಿಷಯದಲ್ಲಿ ಎಂ.ಎ. ಮಾಡಿ, ಮನಸ್ಸಿನ ವಿಷಯವನ್ನು ಪಿಎಚ್.ಡಿ.ಗೆ ಒಯ್ಯಿರಿ ಎಂಬುದು ನನ್ನ ಸಲಹೆ.

ತುಂಗಭದ್ರೆ

ಬರ್ಮಿಂಗ್‌ಹ್ಯಾಮ್ ಬಗ್ಗೆ ಗೌರವವಿದೆ. ಆದರೆ ಸಂಸ್ಕೃತಿಯ ಚಿಂತನೆ ಕನ್ನಡಕ್ಕೆ ಅಲ್ಲಿಂದ ಬಂದದ್ದಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಯಾರಾದರೂ ಹೇಳಬೇಕಿತ್ತು. ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದ ಶಂ.ಬಾ. ಜೋಶಿಯವರು ಭಾಷೆ, ಸ್ಥಳನಾಮ, ದೈವ, ಆಚರಣೆ ಎಲ್ಲವನ್ನೂ ಒಟ್ಟಿಗೆ ಹಿಡಿದು ಕರ್ನಾಟಕದ ಸಂಸ್ಕೃತಿಯನ್ನು ಹುಡುಕಿದರು. ಯಾವ ವಿಭಾಗದ ಅನುಮತಿಗೂ ಅವರು ಕಾಯಲಿಲ್ಲ. ಅವರ ತೀರ್ಮಾನಗಳನ್ನು ಒಪ್ಪುವುದು ಬಿಡುವುದು ಬೇರೆ ಮಾತು, ಪ್ರಶ್ನೆ ಹಿಂಬಾಲಿಸಿಕೊಂಡು ಎಲ್ಲಿಗೆ ಬೇಕಾದರೂ ಹೋಗುವ ಆ ಛಲ ನಮ್ಮದೇ. ವಿಮರ್ಶಕ ಡಿ.ಆರ್. ನಾಗರಾಜ್ ಕನ್ನಡ ಎಂ.ಎ. ಓದಿದವರು. ದಲಿತ ಚಳವಳಿಯ ಬಗ್ಗೆ, ಗಾಂಧಿ–ಅಂಬೇಡ್ಕರ್ ಮುಖಾಮುಖಿಯ ಬಗ್ಗೆ, ವಚನಗಳ ಬಗ್ಗೆ ಒಂದೇ ಕೈಯಲ್ಲಿ ಬರೆದರು. ಹೆಗ್ಗೋಡಿನಲ್ಲಿ ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರು ನಡೆಸಿದ ಸಂಸ್ಕೃತಿ ಶಿಬಿರಗಳಲ್ಲಿ ಅಡಿಕೆ ಬೆಳೆಗಾರರು, ಶಾಲೆಯ ಮೇಷ್ಟ್ರುಗಳು, ವಿದ್ವಾಂಸರು ಒಂದೇ ಸಭಾಂಗಣದಲ್ಲಿ ಕುಳಿತು ಸಿನಿಮಾ, ನಾಟಕ, ರಾಜಕಾರಣ ಚರ್ಚಿಸಿದರು. ಮೂಸಿತೀರ ಅವರು ಹೇಳಿದ ಸಂಜೆ ತರಗತಿಗಳಿಗೆ ಇದು ಯಾವ ರೀತಿಯಲ್ಲೂ ಕಡಿಮೆಯಲ್ಲ.

1991ರಲ್ಲಿ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯ ಹುಟ್ಟಿದ್ದು ಎಲ್ಲ ಜ್ಞಾನವನ್ನೂ ಕನ್ನಡದಲ್ಲಿ ಸಂಶೋಧಿಸಬೇಕೆಂಬ ಸಂಕಲ್ಪದಿಂದ. ಅಲ್ಲಿ ಚರಿತ್ರೆ, ಜಾನಪದ, ಬುಡಕಟ್ಟು ಅಧ್ಯಯನ, ಮಹಿಳಾ ಅಧ್ಯಯನ, ಅಭಿವೃದ್ಧಿ ಅಧ್ಯಯನ, ಹಸ್ತಪ್ರತಿ ಶಾಸ್ತ್ರ ಎಲ್ಲವೂ ಒಂದೇ ಆವರಣದಲ್ಲಿವೆ. ನಿಮ್ಮ ಹಾಡಿನ ಪುಸ್ತಕಗಳ ಮೇಲಿನ ಪ್ರಬಂಧವನ್ನು ಕನ್ನಡದಲ್ಲಿ ಬರೆಯಬೇಕೆಂದು ಒತ್ತಾಯಿಸುತ್ತೇನೆ. ನಿಮ್ಮ ದೊಡ್ಡಪ್ಪನ ಜೊತೆ ಜಾಥಾದಲ್ಲಿ ನಡೆದವರು ಅದನ್ನು ಓದಿ, ಇಲ್ಲಿ ಹೀಗಲ್ಲ ಎಂದು ನಿಮಗೆ ಹೇಳುವಂತಿರಬೇಕು. ಇಂಗ್ಲಿಷಿನಲ್ಲಿ ಬರೆದರೆ ಆ ಬಾಗಿಲು ಮುಚ್ಚಿತು.

ಮೂಸಿತೀರ

ತುಂಗಭದ್ರೆ ಅವರೇ, ನೀವು ಹೇಳಿದ ಪರಂಪರೆಯ ಬಗ್ಗೆ ನನ್ನದು ಪೂರ್ಣ ಸಮ್ಮತಿ. ಒಂದು ಮಾತು ಮಾತ್ರ ಸೇರಿಸಬೇಕು. ಇದೇ ಕಾಲದಲ್ಲಿ ಆಂಧ್ರದಲ್ಲಿ, ಮಹಾರಾಷ್ಟ್ರದಲ್ಲಿ ಇಂಥದೇ ಹಾಡು, ಇಂಥದೇ ಕರಪತ್ರ ಹಂಚಿಕೆಯಾಗುತ್ತಿತ್ತು. ಮಹಾರಾಷ್ಟ್ರದಲ್ಲಿ ದಲಿತ ಯುವಕರ ಹೋರಾಟದ ಸಂಘಟನೆ ದಲಿತ ಪ್ಯಾಂಥರ್ 1972ರಲ್ಲಿ ಹುಟ್ಟಿತು. ಆಂಧ್ರದಲ್ಲಿ ಜನನಾಟ್ಯ ಮಂಡಳಿಯ ಮೂಲಕ ಗದ್ದರ್ ಅವರ ಹಾಡುಗಳು ಊರೂರು ತಿರುಗಿದವು. ಆ ಮರಾಠಿಯ, ತೆಲುಗಿನ ಸಂಶೋಧಕರ ಜೊತೆ ಮಾತನಾಡಲು ಒಂದು ಸಾಮಾನ್ಯ ಭಾಷೆ ಬೇಕು, ಸದ್ಯಕ್ಕೆ ಅದು ಇಂಗ್ಲಿಷ್. ಪ್ರಬಂಧ ಕನ್ನಡದಲ್ಲೇ ಇರಲಿ. ಒಂದೆರಡು ಲೇಖನ ಇಂಗ್ಲಿಷಿನಲ್ಲೂ ಬರಲಿ.

ಹಳೇಕಡತ

ಮೂಸಿತೀರ ಅವರು ಕೇಳಿದ ಪ್ರಶ್ನೆಗಳು ಬಹಳ ಒಳ್ಳೆಯವು. ‘ಶ್ರೀ’ ಮತ್ತು ‘ಕಾಂ.’ ಬಗ್ಗೆ ನನ್ನ ವಿದ್ಯಾರ್ಥಿಗಳಿಗೆ ನಾನೇ ಹೇಳಿಕೊಡಬೇಕಾದ ಮಾತು ಅದು. ಆದರೆ ಮೌಲ್ಯಮಾಪನಕ್ಕೆಂದು ನನ್ನ ಬಳಿಗೆ ಬಂದ ಪ್ರಬಂಧಗಳಲ್ಲಿ ನೂರು ಪುಟ ಫ್ರೆಂಚ್ ತತ್ವಜ್ಞಾನ ಇರುತ್ತಿತ್ತು, ಆಕರದ ಮೇಲೆ ಹತ್ತು ಪುಟ ಕೂಡ ಇರುತ್ತಿರಲಿಲ್ಲ. ಮೊದಲೇ ಗೊತ್ತಿದ್ದ ಉತ್ತರಕ್ಕೆ ಕರಪತ್ರವನ್ನು ಸಾಕ್ಷಿಗೆ ಕರೆದು ತಂದಂತಿರುತ್ತಿತ್ತು. ಆ ಹಾಳೆಯನ್ನು ಯಾರು ಬರೆದರು, ಯಾವ ದುಡ್ಡಿನಲ್ಲಿ ಅಚ್ಚು ಹಾಕಿಸಿದರು, ಎಷ್ಟು ಪ್ರತಿ, ಎಲ್ಲಿ ಹಂಚಿದರು ಎಂಬುದು ಒಂದು ಸಾಲಿನಲ್ಲೂ ಇರುತ್ತಿರಲಿಲ್ಲ. ನನ್ನ ತಕರಾರು ಸಿದ್ಧಾಂತದ ಮೇಲಲ್ಲ, ಈ ಅವಸರದ ಮೇಲೆ.

ಮೊಳೆಮನೆ

ಯಾವ ದುಡ್ಡಿನಲ್ಲಿ, ಎಲ್ಲಿ ಅಚ್ಚು ಎಂದು ಹಳೇಕಡತ ಅವರು ಕೇಳಿದ್ದರಿಂದ ಬರೆಯುತ್ತಿದ್ದೇನೆ. ನಾನು ಸಂಶೋಧಕಿಯಲ್ಲ. ನಮ್ಮ ತಂದೆ ದಾವಣಗೆರೆ ಕಡೆ ಟ್ರೆಡಲ್ (ಕಾಲಿನಿಂದ ತುಳಿದು ನಡೆಸುವ ಯಂತ್ರದ) ಮುದ್ರಣಾಲಯ ಇಟ್ಟಿದ್ದರು, ರಜೆಯಲ್ಲಿ ನಾನೂ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸಿದ್ದೇನೆ.

ಕರಪತ್ರದ ಕೊನೆಯ ಸಾಲು ನೋಡಿ. ತೀರ ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು, ಊರು ಇರುತ್ತದೆ. ಅದನ್ನು ಜಾಹೀರಾತಿಗೆಂದು ಹಾಕುತ್ತಿರಲಿಲ್ಲ. 1867ರ ಕಾಯ್ದೆಯ ಪ್ರಕಾರ ಮುದ್ರಕರ ಹೆಸರು, ಮುದ್ರಣದ ಸ್ಥಳ ಇಲ್ಲದ ಹಾಳೆಯನ್ನು ಅಚ್ಚು ಹಾಕುವಂತಿರಲಿಲ್ಲ. ಸರ್ಕಾರದ ವಿರುದ್ಧದ ಕರಪತ್ರವಾದರೆ ಪೊಲೀಸರು ಮೊದಲು ಬರುತ್ತಿದ್ದುದು ಮುದ್ರಣಾಲಯದ ಬಾಗಿಲಿಗೆ. ಹಾಗಾಗಿ ಆ ಸಾಲು ಇಲ್ಲದ ಹಾಳೆ ನಿಮ್ಮ ಕಟ್ಟಿನಲ್ಲಿದ್ದರೆ ಅದನ್ನು ಬೇರೆಯಾಗಿ ಗುರುತು ಮಾಡಿಕೊಳ್ಳಿ. ಯಾರೋ ಹೆದರಿದ್ದಾರೆ, ಅಥವಾ ಯಾರನ್ನೋ ಕಾಪಾಡಿದ್ದಾರೆ. ಸೈಕ್ಲೋಸ್ಟೈಲ್ ಮಾಡಿದ ಹಾಳೆಗಳಾದರೆ ಮುದ್ರಣಾಲಯದ ಗೊಡವೆಯೇ ಇರಲಿಲ್ಲ. ಸ್ಟೆನ್ಸಿಲ್ ಕೊರೆದು ಯಾವುದಾದರೂ ಕೋಣೆಯಲ್ಲಿ ಕುಳಿತು ಉರುಳೆ ತಿರುಗಿಸಿದರೆ ಆಯಿತು.

ಸಾಲು ಇಲ್ಲದಿದ್ದರೂ ಮುದ್ರಣಾಲಯವನ್ನು ಹಿಡಿಯಬಹುದು. ಸೀಸದ ಮೊಳೆಗಳು ಸವೆಯುತ್ತವೆ, ಮುರಿಯುತ್ತವೆ. ಸಣ್ಣ ಮುದ್ರಣಾಲಯಗಳು ಹೊಸ ಮೊಳೆಯನ್ನು ಬೇಗ ಕೊಳ್ಳುತ್ತಿರಲಿಲ್ಲ. ತಲೆಕಟ್ಟು ಮುರಿದ ಒಂದು ‘ಕ’, ಬಾಲ ಹೋದ ಒಂದು ಒತ್ತಕ್ಷರ ಹಲವು ಹಾಳೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ಹೆಸರಿರುವ ಹಾಳೆಯಲ್ಲೂ ಹೆಸರಿಲ್ಲದ ಹಾಳೆಯಲ್ಲೂ ಅದೇ ಮುರಿದ ಅಕ್ಷರವಿದ್ದರೆ ಎರಡೂ ಒಂದೇ ಮನೆಯಿಂದ ಬಂದವು. ಭೂತಗನ್ನಡಿ ಇಟ್ಟುಕೊಂಡು ನೋಡಿ. ಒಂದೇ ಹಾಳೆಯಲ್ಲಿ ಎರಡು ಬಗೆಯ ‘ರ’ ಕಂಡರೆ ಮೊಳೆ ಸಾಲದೆ ಬೇರೆ ಅಚ್ಚಿನದನ್ನು ಸೇರಿಸಿದ್ದಾರೆ ಎಂದರ್ಥ, ಕಾಗುಣಿತ ತಪ್ಪೆಂದು ತಿಳಿಯಬೇಡಿ. ನಮ್ಮ ತಂದೆ ಮದುವೆ ಲಗ್ನಪತ್ರಿಕೆಗೆ ಪೂರ್ತಿ ಹಣ ತೆಗೆದುಕೊಳ್ಳುತ್ತಿದ್ದರು. ಚಳವಳಿಯ ಹುಡುಗರಿಗೆ ಕಾಗದದ ಬೆಲೆಗಷ್ಟೇ ಮಾಡಿಕೊಡುತ್ತಿದ್ದರು. ಲಗ್ನಪತ್ರಿಕೆಯಲ್ಲಿ ಮಿಕ್ಕ ಬಣ್ಣದ ಕಾಗದ ಇವರಿಗೆ ಹೋಗುತ್ತಿತ್ತು. ನಿಮ್ಮ ಕಟ್ಟಿನಲ್ಲಿ ಗುಲಾಬಿ, ಹಳದಿ ಹಾಳೆಗಳಿದ್ದರೆ ಬಣ್ಣಕ್ಕೆ ದೊಡ್ಡ ಅರ್ಥ ಹಚ್ಚುವ ಮೊದಲು ಇದನ್ನೂ ಯೋಚಿಸಿ.

ಮೂಸಿತೀರ

ಮೊಳೆಮನೆ ಮೇಡಂ, ನಿಮ್ಮ ಈ ಬರಹವನ್ನು ನಮ್ಮ ವಿಭಾಗದ ಓದುಗುಂಪಿಗೆ ಕಳುಹಿಸಬಹುದೇ? ಬಣ್ಣದ ಕಾಗದದ ಮಾತೊಂದೇ ಸಾಕು ಒಂದು ಅಧ್ಯಾಯಕ್ಕೆ. ಅಂತರ್‌ಶಿಸ್ತೀಯ ಎಂದು ನಾವು ಹೇಳುವಾಗ ವಿಶ್ವವಿದ್ಯಾಲಯದ ಎರಡು ವಿಭಾಗಗಳನ್ನಷ್ಟೇ ಜೋಡಿಸುತ್ತೇವೆ. ಕಸುಬಿನವರ ತಿಳಿವಳಿಕೆ ಆ ಲೆಕ್ಕದೊಳಗೆ ಬರುವುದೇ ಇಲ್ಲ. ಬರಲೇಬೇಕು.

ಮೊಳೆಮನೆ

ಧಾರಾಳವಾಗಿ ಕಳುಹಿಸಿ. ನಮ್ಮ ತಂದೆಗೆ ಓದಿ ಹೇಳುತ್ತೇನೆ.

ರೈನ್‌ದಡ

ಜರ್ಮನಿಯಿಂದ ಬರೆಯುತ್ತಿದ್ದೇನೆ. ಹೊರದೇಶದ ಬಗ್ಗೆಯೂ ಯೋಚನೆಯಿದ್ದರೆ ಎರಡು ಮಾತು. ಹೈಡೆಲ್‌ಬರ್ಗಿನಲ್ಲಿ 1962ರಿಂದ ದಕ್ಷಿಣ ಏಷ್ಯಾ ಸಂಸ್ಥೆಯಿದೆ. ಇತಿಹಾಸ, ಮಾನವಶಾಸ್ತ್ರ, ರಾಜ್ಯಶಾಸ್ತ್ರ, ಭಾಷೆಗಳನ್ನು ಅಲ್ಲಿ ಒಟ್ಟಾಗಿ ಓದಬಹುದು. ಆ ರಾಜ್ಯದಲ್ಲಿ ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಒಂದು ಸೆಮಿಸ್ಟರಿಗೆ 1,500 ಯೂರೋ ಶುಲ್ಕವಿದೆ. ಬ್ರಿಟನ್ನಿಗೆ ಹೋಲಿಸಿದರೆ ಕಡಿಮೆ, ಆದರೆ ಊಟ, ಬಾಡಿಗೆ ಸೇರಿದರೆ ಸಾಲ ಮಾಡದೆ ಸಾಧ್ಯವಿಲ್ಲ. ವುರ್ಜ್‌ಬರ್ಗಿನಲ್ಲಿ ಕನ್ನಡವನ್ನೂ ಕಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಆಕರಗಳು ಭದ್ರಾವತಿಯಲ್ಲಿವೆ, ಮಾತನಾಡಿಸಬೇಕಾದ ಹಿರಿಯರೂ ಅಲ್ಲೇ ಇದ್ದಾರೆ. ಅವರಿರುವಾಗಲೇ ಕೆಲಸ ಮಾಡಿ, ಇಲ್ಲಿಗೆ ಪಿಎಚ್.ಡಿ.ಯ ಹೊತ್ತಿಗೆ ಬಂದರೂ ಆಯಿತು.

ಮಲೆಸೀಮೆ

ಹಿರಿಯರ ಮಾತು ಬಂದದ್ದಕ್ಕೆ ಕೇಳುತ್ತೇನೆ. ಭದ್ರಾದಂಡೆ ಅವರೇ, ನಿಮ್ಮ ಬರಹದಲ್ಲಿ ದೊಡ್ಡಪ್ಪ ಇದ್ದಾರೆ. ದೊಡ್ಡಮ್ಮ? ಸಭೆಗೆ ಬಂದವರಿಗೆ ರಾತ್ರಿ ಅಡುಗೆ ಮಾಡಿದವರು ಯಾರು, ಕಾರ್ಯಕರ್ತರು ಮನೆಯಲ್ಲಿ ಉಳಿದುಕೊಂಡಾಗ ಚಾಪೆ ಹಾಸಿದವರು ಯಾರು ಎಂಬುದು ಯಾವ ಕರಪತ್ರದಲ್ಲೂ ಇರುವುದಿಲ್ಲ. ಹಾಡುಗಳು ಹೆಂಗಸರ ಬಾಯಲ್ಲೇ ಉಳಿದಿರುವುದನ್ನು ನಾನು ಕಂಡಿದ್ದೇನೆ.

ಭದ್ರಾದಂಡೆ

ದೊಡ್ಡಮ್ಮ ಇದ್ದಾರೆ ಮೇಡಂ. ದೊಡ್ಡಪ್ಪ ತೀರಿಕೊಂಡರು. ನಿಮ್ಮ ಪ್ರಶ್ನೆ ಓದಿದ ಮೇಲೆ ಒಂದು ಹಾಡಿನ ಪುಸ್ತಕ ತೆಗೆದುಕೊಂಡು ಹೋಗಿ ಅವರ ಮುಂದೆ ಕುಳಿತೆ. ಅವರಿಗೆ ಓದಲು ಬರುವುದಿಲ್ಲ. ಮೊದಲ ಸಾಲು ನಾನು ಓದಿದ ಕೂಡಲೇ ಉಳಿದದ್ದನ್ನು ಹಾಡಿದರು. ಪುಸ್ತಕದಲ್ಲಿ ‘ಧಾಟಿ’ ಎಂದು ಸಿನಿಮಾ ಹಾಡಿನ ಸಾಲಿದೆ, ದೊಡ್ಡಮ್ಮ ಹಾಡಿದ್ದು ಅದೇ ರಾಗದಲ್ಲಲ್ಲ. ಅದು ಸೋಬಾನೆ ಪದದ ಹಾಗಿತ್ತು. ಕೇಳಿದರೆ, ಗಂಡಸರು ಮೈಕಿನಲ್ಲಿ ಹಾಗೆ ಹಾಡುತ್ತಿದ್ದರು, ನಾವು ನಾಟಿ ಹಾಕುವಾಗ ಹೀಗೆ ಹಾಡುತ್ತಿದ್ದೆವು ಎಂದರು. ಪುಸ್ತಕದಲ್ಲಿಲ್ಲದ ಎರಡು ನುಡಿಗಳನ್ನೂ ಸೇರಿಸಿ ಹಾಡಿದರು, ಅವುಗಳಲ್ಲಿ ಸಾರಾಯಿ ಅಂಗಡಿಯ ವಿಷಯವಿದೆ.

ಹಳೇಕಡತ

ಇಂದೇ ಧ್ವನಿಮುದ್ರಿಸಿ. ಎಂ.ಎ. ಪ್ರವೇಶ ಮುಗಿಯಲಿ ಎಂದು ಕಾಯಬೇಡಿ. ಬರಹದಲ್ಲಿ ಉಳಿದದ್ದು ಒಂದು, ಬಾಯಲ್ಲಿ ಉಳಿದದ್ದು ಇನ್ನೊಂದು ಎಂಬುದಕ್ಕೆ ಇಷ್ಟು ಸ್ಪಷ್ಟ ಉದಾಹರಣೆ ನನ್ನ ಸೇವೆಯುದ್ದಕ್ಕೂ ಸಿಗಲಿಲ್ಲ.

ತುಂಗಭದ್ರೆ

ಸಾರಾಯಿ ಅಂಗಡಿಯ ನುಡಿಗಳನ್ನು ಹಾಗೆಯೇ, ಅವರ ಉಚ್ಚಾರಣೆಯಲ್ಲೇ ಬರೆದುಕೊಳ್ಳಿ, ತಿದ್ದಬೇಡಿ. ಯಾವ ಹೊಲದಲ್ಲಿ, ಯಾರ ಜೊತೆ ಹಾಡುತ್ತಿದ್ದರು, ಮೊದಲು ಎತ್ತಿಕೊಳ್ಳುತ್ತಿದ್ದವರು ಯಾರು ಎಂದೂ ಕೇಳಿ. ಆ ಗುಂಪಿನವರು ಇನ್ನೂ ಇದ್ದರೆ ಅವರೆಲ್ಲರನ್ನೂ ಒಟ್ಟಿಗೆ ಕೂರಿಸಿ ಕೇಳಿ. ಒಬ್ಬರು ಮರೆತದ್ದನ್ನು ಇನ್ನೊಬ್ಬರು ನೆನಪಿಸುತ್ತಾರೆ, ಜಗಳವನ್ನೂ ಆಡುತ್ತಾರೆ. ಆ ಜಗಳದಲ್ಲಿ ಬಹಳ ಸಿಗುತ್ತದೆ.

ಕಾಗದಪ್ರೀತಿ

ಗ್ರಂಥಾಲಯದಲ್ಲಿ ಹಳೆಯ ಕಾಗದಗಳ ಸಂರಕ್ಷಣೆ ನನ್ನ ಕೆಲಸ. ಯಾರೂ ಇದನ್ನು ಹೇಳಿಲ್ಲವಾದ್ದರಿಂದ ಬೇಗ ಹೇಳಿಬಿಡುತ್ತೇನೆ. ಕಟ್ಟನ್ನು ಬಿಚ್ಚುವ ಮೊದಲು ಅದಿರುವ ಹಾಗೆಯೇ ಫೋಟೊ ತೆಗೆಯಿರಿ. ಯಾವುದರ ಮೇಲೆ ಯಾವುದಿತ್ತು ಎಂಬ ಕ್ರಮವನ್ನು ಕೆಡಿಸಬೇಡಿ, ದೊಡ್ಡಪ್ಪನ ಲೆಕ್ಕ ಅದರಲ್ಲಿರುತ್ತದೆ. ಪೆನ್ಸಿಲ್‌ನಲ್ಲಿ ಹಿಂಬದಿಯ ಮೂಲೆಯಲ್ಲಿ ಸಣ್ಣದಾಗಿ ಸಂಖ್ಯೆ ಹಾಕಿ. ಪೆನ್ನು ಬೇಡ. ಹರಿದದ್ದಕ್ಕೆ ಸೆಲ್ಲೋಟೇಪ್ ಹಚ್ಚಲೇಬೇಡಿ, ಕೆಲವೇ ವರ್ಷಗಳಲ್ಲಿ ಅದರ ಅಂಟು ಹಳದಿಯಾಗಿ ಅಕ್ಷರವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಕೂಡ ಬೇಡ. ಹಿಂಬದಿಯನ್ನೂ ಫೋಟೊ ತೆಗೆಯಿರಿ, ಕರಪತ್ರದ ಬೆನ್ನ ಮೇಲೆ ಜನ ಲೆಕ್ಕ ಬರೆಯುತ್ತಾರೆ, ವಿಳಾಸ ಬರೆಯುತ್ತಾರೆ. ಅಳತೆ ತಿಳಿಯುವಂತೆ ಪಕ್ಕದಲ್ಲಿ ಸ್ಕೇಲ್ ಇಡಿ.

ಹಾಡಿನ ಹಕ್ಕಿನ ವಿಷಯವೂ ಇದೆ. ನಮ್ಮ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಪ್ರಬಂಧದಲ್ಲಿ ವಿಮರ್ಶೆಗಾಗಿ ಕೆಲವು ಸಾಲು ಉದ್ಧರಿಸಲು ತೊಂದರೆಯಿಲ್ಲ. ಪೂರ್ತಿ ಹಾಡನ್ನು ಪ್ರಕಟಿಸುವುದಾದರೆ ಕವಿಗಳ ಮನೆಯವರನ್ನು ಕೇಳಬೇಕು. ದೊಡ್ಡಮ್ಮನವರ ಧ್ವನಿಗೂ ಅವರ ಒಪ್ಪಿಗೆ ಬೇಕು, ಎಲ್ಲಿ ಕೇಳಿಸಬಹುದು, ಎಲ್ಲಿ ಬೇಡ ಎಂಬುದನ್ನು ಅವರೇ ಹೇಳಲಿ. ಬದುಕಿರುವವರ ಹೆಸರಿರುವ ಕರಪತ್ರಗಳನ್ನು ಜಾಲತಾಣಕ್ಕೆ ಏರಿಸುವ ಮುನ್ನ ಆ ಹೆಸರಿನವರನ್ನು ಒಮ್ಮೆ ಕೇಳುವುದು ಒಳ್ಳೆಯದು. ಅಂದಿನ ಹೋರಾಟಗಾರರೆಲ್ಲ ಇಂದೂ ಅದೇ ಊರಿನಲ್ಲಿ ನೆಮ್ಮದಿಯಾಗಿರುತ್ತಾರೆ ಎಂದು ಹೇಳಲಾಗದು.

ಭದ್ರಾದಂಡೆ

ಎಲ್ಲರಿಗೂ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಇತಿಹಾಸ ಎಂ.ಎ.ಗೆ ಅರ್ಜಿ ಹಾಕುತ್ತಿದ್ದೇನೆ. ಮುಕ್ತ ಆಯ್ಕೆಯ ಪತ್ರಿಕೆಯನ್ನು ಕನ್ನಡ ವಿಭಾಗದಲ್ಲಿ, ಸಾಧ್ಯವಾದರೆ ಜಾನಪದದಲ್ಲಿ ತೆಗೆದುಕೊಳ್ಳುತ್ತೇನೆ. ಕೊನೆಯ ಸೆಮಿಸ್ಟರಿನ ಕಿರುಪ್ರಬಂಧಕ್ಕೆ ಇಡೀ ಕಟ್ಟನ್ನು ಹೊರುವುದಿಲ್ಲ. ಮೊಳೆಮನೆ ಮೇಡಂ ಹೇಳಿದಂತೆ ಒಂದೇ ಮುದ್ರಣಾಲಯದಿಂದ ಬಂದ ಹಾಳೆಗಳನ್ನು ಗುರುತಿಸಿ, ಅಷ್ಟನ್ನೇ ಇಟ್ಟುಕೊಂಡು ಆ ಊರಿನ ಒಂದು ದಶಕವನ್ನು ಬರೆಯಲು ನೋಡುತ್ತೇನೆ. ದೊಡ್ಡಮ್ಮನ ಹಾಡುಗಳನ್ನು ಪಿಎಚ್.ಡಿ.ಗೆ ಇಟ್ಟುಕೊಂಡು, ಧ್ವನಿಮುದ್ರಣವನ್ನು ಮಾತ್ರ ಈ ವಾರವೇ ಶುರು ಮಾಡುತ್ತೇನೆ. ಮೂಸಿತೀರ ಅವರೇ, ನಿಮ್ಮ ಓದುಗುಂಪಿಗೆ ಹೊರಗಿನವರು ದೂರದಿಂದ ಸೇರಬಹುದಾದರೆ ತಿಳಿಸಿ.

ಇನ್ನೊಂದು ಪ್ರಶ್ನೆ. ಕೆಲವು ಹಾಳೆಗಳಿಗೆ ಗುಂಡುಸೂಜಿ ಚುಚ್ಚಿ ಜೋಡಿಸಿದ್ದಾರೆ. ಅದು ತುಕ್ಕು ಹಿಡಿದು ಕಾಗದಕ್ಕೆ ಅಂಟಿಕೊಂಡಿದೆ. ಎಳೆಯಲೇ?

ಮೂಸಿತೀರ

ಖಂಡಿತ ಸೇರಬಹುದು. ಕನ್ನಡ ಬಲ್ಲವರು ಗುಂಪಿನಲ್ಲಿ ನಾನೊಬ್ಬನೇ, ನೀವು ಬಂದರೆ ನನಗೂ ಬಲ.

ಕಾಗದಪ್ರೀತಿ

ಎಳೆಯಬೇಡಿ. ತುಕ್ಕು ಹಿಡಿದ ಕಡೆ ಕಾಗದ ಬೂದಿಯಂತಾಗಿರುತ್ತದೆ, ಎಳೆದರೆ ತೂತು ದೊಡ್ಡದಾಗುತ್ತದೆ. ಸೂಜಿಯ ಕೆಳಗೆ ಎರಡೂ ಬದಿ ತೆಳುವಾದ ಪ್ಲಾಸ್ಟಿಕ್ ಹಾಳೆಯ ತುಂಡು ತೂರಿಸಿ, ಕಾಗದ ಅಲುಗದಂತೆ ಹಿಡಿದು, ಸೂಜಿಯನ್ನು ಮಾತ್ರ ಮೆಲ್ಲಗೆ ಹಿಂದಕ್ಕೆ ಸರಿಸಿ. ಬರದಿದ್ದರೆ ಬಿಟ್ಟುಬಿಡಿ, ಒಂದು ಫೋಟೊ ಇಲ್ಲಿ ಹಾಕಿ, ನೋಡಿ ಹೇಳುತ್ತೇನೆ. ಯಾವ ಯಾವ ಹಾಳೆಗಳು ಒಂದೇ ಸೂಜಿಯಲ್ಲಿದ್ದವು ಎಂಬುದನ್ನು ತೆಗೆಯುವ ಮೊದಲೇ ಬರೆದಿಟ್ಟುಕೊಳ್ಳಿ.